ಚೀಲಕ್ಕೆ ಕೈ ಹಾಕಲಾಗದ ಹರಾಜು

ಸಾಗರದಲ್ಲಿ ನಮ್ಮ ಸೋದರಮಾವ ಮೂವತ್ತು ಚಿಲ್ಲರೆ ವರ್ಷ ನಡೆಸಿದ ಫೋಟೋ ಸ್ಟುಡಿಯೋಗೆ 2006ರಲ್ಲಿ ಬಾಗಿಲು ಹಾಕಿದರು. ಜೋಗ ಜಲಪಾತ ಬರೆದ ಹಿಂಬದಿಯ ಪರದೆಯನ್ನು ಯಕ್ಷಗಾನದವರು ಒಯ್ದರು. ಮರದ ಸ್ಟೂಲು ಅಡುಗೆಮನೆ ಸೇರಿತು. ಉಳಿದದ್ದು ಒಂದು ಎನ್‌ಲಾರ್ಜರ್, ಎರಡು ಲೈಟ್ ಸ್ಟ್ಯಾಂಡ್ ಮತ್ತು ಒಂದು ಯಾಶಿಕಾ ಮ್ಯಾಟ್-124ಜಿ ಕ್ಯಾಮೆರಾ. ಎರಡು ಕಣ್ಣಿನ, ಮೇಲಿನಿಂದ ಬಗ್ಗಿ ನೋಡುವ ಆ ಕ್ಯಾಮೆರಾದಲ್ಲಿ ತಾಲ್ಲೂಕಿನ ಅರ್ಧ ಮದುವೆಗಳು ಸೆರೆಯಾಗಿದ್ದವು. 'ಇಂಟರ್‌ನೆಟ್‌ನಲ್ಲಿ ಹರಾಜು ಹಾಕ್ತಾರಂತಲ್ಲ, ಇದನ್ನೂ ಹಾಕು ಮಾರಾಯ' ಎಂದರು ಮಾವ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ಅಳಿಯನಿಗೆ ಇದೇನು ಮಹಾ ಎಂದುಕೊಂಡು ಒಪ್ಪಿದೆ.

ಆಗ ನನ್ನ ಬಳಿ ಇದ್ದದ್ದು ಮೈಕ್ರೋಸಾಫ್ಟಿನ ಫ್ರಂಟ್‌ಪೇಜ್ 2003. ವರ್ಡ್‌ನಲ್ಲಿ ಪತ್ರ ಬರೆದಷ್ಟೇ ಸಲೀಸಾಗಿ ಅದರಲ್ಲಿ ವೆಬ್ ಪುಟ ಮಾಡಬಹುದಿತ್ತು. ಒಂದು ಭಾನುವಾರ ಪೂರ್ತಿ ಕೂತೆ. ಹಿನ್ನೆಲೆಗೆ ಕಡು ನೇರಳೆ, ಅದರ ಮೇಲೆ ಹಳದಿ ಅಕ್ಷರ. ತಲೆಯ ಮೇಲೆ ಬಲದಿಂದ ಎಡಕ್ಕೆ ಓಡುವ ಸಾಲು: 'ಅಪರೂಪದ ಕ್ಯಾಮೆರಾ, ಬೇಗ ಬನ್ನಿ'. ಎರಡೂ ಬದಿಗೆ ಉರಿಯುವ ಬೆಂಕಿಯ ಚಿತ್ರ. ನಡುವೆ ಮೂರು ಫೋಟೋ, ಅವಕ್ಕೆ ಚಿನ್ನದ ಬಣ್ಣದ ಅಂಚು. ಕೆಳಗಿನ 'ಪ್ರಿವ್ಯೂ' ಗುಂಡಿ ಒತ್ತಿದರೆ ದೀಪಾವಳಿಯ ಪಟಾಕಿ ಅಂಗಡಿಯ ಹಾಗೆ ಜಗಮಗಿಸುತ್ತಿತ್ತು. ಕೋಡನ್ನೆಲ್ಲ ನಕಲಿಸಿ ಹರಾಜು ತಾಣದ ವಿವರಣೆಯ ಚೌಕಕ್ಕೆ ಅಂಟಿಸಿ ಮಲಗಿದೆ.

ಬೆಳಿಗ್ಗೆ ಹತ್ತಕ್ಕೆ ಮಾವನ ಫೋನು. ಸೈಬರ್ ಸೆಂಟರ್‌ನಿಂದ ಮಾತಾಡುತ್ತಿದ್ದರು. 'ಬಣ್ಣ ಎಲ್ಲ ಲಾಯ್ಕಿದೆ. ಆದ್ರೆ ಕ್ಯಾಮೆರಾ ಇರಬೇಕಾದಲ್ಲಿ ಮೂರು ಡಬ್ಬಿ, ಒಳಗೆ ಕೆಂಪು ಇಂಟು ಮಾರ್ಕು. ಇದೆಂಥದಾ?'

ಎಂಥದು ಅಂದರೆ, ನಾನು ಫೋಟೋಗಳನ್ನು ನನ್ನ ಕಂಪ್ಯೂಟರಿನ ಸಿ ಡ್ರೈವ್‌ನಿಂದ ಎಳೆದು ಪುಟಕ್ಕೆ ಹಾಕಿದ್ದೆ. ಫ್ರಂಟ್‌ಪೇಜ್ ಕೋಡಿನಲ್ಲಿ ಬರೆದುಕೊಂಡದ್ದು ಫೋಟೋವನ್ನಲ್ಲ, ಫೋಟೋ ಇರುವ ಜಾಗದ ವಿಳಾಸವನ್ನು. ಆ ವಿಳಾಸ ನನ್ನ ಮೇಜಿನ ಮೇಲಿನ ಯಂತ್ರದ್ದು. ನನ್ನ ಮಟ್ಟಿಗೆ ಅದು ಸರಿ. ಸಾಗರದಲ್ಲೋ ಪುಣೆಯಲ್ಲೋ ಕೂತವರ ಬ್ರೌಸರಿಗೆ 'ನಮ್ಮ ಮನೆಯ ಅಟ್ಟದ ಎಡಮೂಲೆಯಲ್ಲಿದೆ, ತಗೊಳ್ಳಿ' ಎಂದು ಹೇಳಿದ ಹಾಗೆ. ಫೋಟೋಗಳನ್ನು ಮೊದಲು ಎಲ್ಲರಿಗೂ ಎಟುಕುವ ಸರ್ವರಿಗೆ ಏರಿಸಿ, ಅಲ್ಲಿನ ವಿಳಾಸವನ್ನು ಕೋಡಿನಲ್ಲಿ ಕೊಡಬೇಕಿತ್ತು. ಆ ಕಾಲದಲ್ಲಿ ಪುಟ ಕಟ್ಟಿದವರಲ್ಲಿ ಹೆಚ್ಚಿನವರು ಒಮ್ಮೆಯಾದರೂ ಬಿದ್ದಿರುವ ಗುಂಡಿ ಇದು.

ಚಿತ್ರ ಸರಿಪಡಿಸಿದೆ. ಏಳು ದಿನದ ಹರಾಜು. ಕೊನೆಗೆ ಬಂದದ್ದು ಒಂದೇ ಬಿಡ್, ಅದೂ ಆರಂಭದ ಬೆಲೆಗೆ. ಎರಡು ದಿನ ಬಿಟ್ಟು ಆತನೂ 'ಲೆನ್ಸ್ ಒಳಗೆ ಹೇಗಿದೆ?' ಎಂದು ಕೇಳಿ, ಉತ್ತರ ನೋಡಿ ಹಿಂದೆ ಸರಿದ. ಬೆಂಕಿಯ ಚಿತ್ರ ಮಾತ್ರ ಎರಡೂ ಬದಿಗೆ ಉರಿಯುತ್ತಲೇ ಇತ್ತು.

ನನ್ನ ಪುಟ ವಿಚಿತ್ರ ಅನ್ನಿಸಬಹುದು, ಆದರೆ ಆಗಿನ ಊರಿಗೆಲ್ಲ ಅದೇ ವೇಷ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಪಿಯರ್ ಒಮಿಡ್ಯಾರ್ 1995ರ ಸೆಪ್ಟೆಂಬರಿನಲ್ಲಿ 'ಆಕ್ಷನ್ ವೆಬ್' ಎಂಬ ತಾಣ ತೆರೆದರು. ಮುಂದೆ ಅದೇ ಇಬೇ ಆಯಿತು. ಭಾರತದಲ್ಲಿ ಇಬೇ 2004ರಲ್ಲಿ ಬಾಜಿ ಡಾಟ್ ಕಾಮ್ ಕೊಂಡು ಕಾಲಿಟ್ಟಿತು, 2018ರ ಆಗಸ್ಟ್‌ನಲ್ಲಿ ಇಲ್ಲಿನ ಅಂಗಡಿ ಮುಚ್ಚಿತು. ನಮ್ಮವರು ವಿದೇಶದ ಗಿರಾಕಿಗಳಿಗೆ ಅಲ್ಲಿ ಈಗಲೂ ಮಾರುತ್ತಾರೆ. ಮೊದಲಿನಿಂದಲೂ ಅಲ್ಲಿ ಮಾರುವವನಿಗೆ ಸಿಗುತ್ತಿದ್ದದ್ದು ಒಂದು ಶೀರ್ಷಿಕೆ ಮತ್ತು ಒಂದು ಖಾಲಿ ಚೌಕ. ಚೌಕದೊಳಗೆ ಏನು ಬೇಕಾದರೂ ಬರೆಯಬಹುದು, ಎಚ್‌ಟಿಎಂಎಲ್ ಬಲ್ಲವರು ಏನು ಬೇಕಾದರೂ ಕಟ್ಟಬಹುದು. ಕಟ್ಟಿದರು ಕೂಡ. ಮಿನುಗುವ ಅಕ್ಷರ, ಪುಟ ತೆರೆದೊಡನೆ ತಾನೇ ನುಡಿಯುವ ಸಂಗೀತ, ಎಷ್ಟು ಮಂದಿ ಬಂದು ಹೋದರೆಂದು ಎಣಿಸುವ ಕೌಂಟರ್. ತಲೆಬರಹದಲ್ಲಿ 'ವಾವ್', ಅದರ ಪಕ್ಕ ಇಂಗ್ಲಿಷಿನ 'ಲುಕ್' ಪದದ ನಡುವಿನ ಎರಡು ಓ ಕಿತ್ತು ಆ ಜಾಗಕ್ಕೆ ಎರಡು @ ಇಟ್ಟ ಗೊಂಬೆ, ಯಾರೋ ಕಣ್ಣು ಬಿಟ್ಟು ನೋಡುತ್ತಿರುವ ಹಾಗೆ. ಕೋಡ್ ಬಾರದವರಿಗೆ ಇಬೇ ತಾನೇ ಅಂಚಿನ ಚಿತ್ತಾರಗಳನ್ನು ಇಟ್ಟಿತ್ತು. ಅಮೆರಿಕದಲ್ಲಿ ಒಂದು ಲಿಸ್ಟಿಂಗಿಗೆ, ಅಂದರೆ ಒಂದು ಮಾರಾಟದ ಪುಟಕ್ಕೆ, ಹತ್ತು ಸೆಂಟ್ ಪಡೆಯುತ್ತಿತ್ತು.

ಫ್ರಂಟ್‌ಪೇಜ್, ಡ್ರೀಮ್‌ವೀವರ್‌ಗಳು ಮನೆಮಾತಾದದ್ದು ಈ ಗದ್ದಲದಲ್ಲೇ. ಮೊದಲನೆಯದನ್ನು ಮೈಕ್ರೋಸಾಫ್ಟ್ 1996ರಲ್ಲಿ ವರ್ಮೀರ್ ಎಂಬ ಸಣ್ಣ ಕಂಪನಿಯಿಂದ ಕೊಂಡಿತು, 2003ರ ಆವೃತ್ತಿಯ ನಂತರ ಕೈಬಿಟ್ಟಿತು. ಎರಡನೆಯದು 1997ರಲ್ಲಿ ಮ್ಯಾಕ್ರೋಮೀಡಿಯಾದಿಂದ ಬಂದು ಆಮೇಲೆ ಅಡೋಬಿಯ ಕೈ ಸೇರಿತು. ಇವು ಕೊಟ್ಟ ಅನುಕೂಲ ನಿಜ. ಆದರೆ ಫ್ರಂಟ್‌ಪೇಜಿನ ಮೆನುವಿನಲ್ಲಿ ಓಡುವ ಸಾಲಿಗೆ ಒಂದು ಗುಂಡಿ, ಕೌಂಟರಿಗೆ ಒಂದು ಗುಂಡಿ ಇತ್ತು. 'ಈ ವಸ್ತುವಿನ ದೋಷ ಹೇಳಿ' ಅನ್ನುವ ಗುಂಡಿ ಇರಲಿಲ್ಲ. ಇದ್ದ ಗುಂಡಿಗಳನ್ನೆಲ್ಲ ಒತ್ತುವುದೇ ವಿನ್ಯಾಸ ಎಂದು ನಾವು ತಿಳಿದೆವು.

ಇಲ್ಲೊಂದು ಮಂಡಿಯ ಮಾತು ಹೇಳಬೇಕು. ಸಾಗರ, ಶಿರಸಿ, ಶಿವಮೊಗ್ಗದ ಅಡಿಕೆ ಮಂಡಿಗೆ ಹೋದವರು ನೋಡಿರುತ್ತೀರಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಚೀಲಗಳನ್ನು ಬಾಯಿ ಬಿಚ್ಚಿ ನಿಲ್ಲಿಸಿರುತ್ತಾರೆ. ವ್ಯಾಪಾರಿ ಬಂದವನು ಮೊದಲು ಮಾತಾಡುವುದಿಲ್ಲ. ಚೀಲಕ್ಕೆ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಬೊಗಸೆ ಎತ್ತುತ್ತಾನೆ. ಮೇಲಿನದು ಯಾವಾಗಲೂ ಚೆಂದವೇ ಇರುತ್ತದೆ ಎಂದು ಅವನಿಗೆ ಗೊತ್ತು. ಒಂದೆರಡು ಒಡೆದು ಒಳಗಿನ ಬಣ್ಣ ನೋಡುತ್ತಾನೆ, ಮೂಸುತ್ತಾನೆ, ಆಮೇಲೆ ದರ. ಕರ್ನಾಟಕದ ಕೃಷಿ ಮಾರುಕಟ್ಟೆಗಳ ಹರಾಜನ್ನು ಕಂಪ್ಯೂಟರಿಗೆ ತರಲು ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಸಂಸ್ಥೆ 2014ರಲ್ಲಿ ಹುಟ್ಟಿತು. ದರ ಈಗ ಚೀಟಿಯ ಬದಲು ಪರದೆಯ ಮೇಲೆ ಬೀಳುತ್ತದೆ. ಆದರೂ ಚೀಲ ಮಂಡಿಯಲ್ಲೇ ಇರುತ್ತದೆ, ಕೈ ಚೀಲದಲ್ಲೇ ಇರುತ್ತದೆ.

ಇಬೇ ತರಹದ ಹರಾಜಿನಲ್ಲಿ ಇಲ್ಲದ್ದು ಈ ಕೈ. ಕೊಳ್ಳುವವನು ಸಾವಿರಾರು ಮೈಲಿ ಆಚೆ ಕೂತು, ಗುರುತು ಪರಿಚಯವಿಲ್ಲದವನ ಹಳೆಯ ಸಾಮಾನಿಗೆ ದುಡ್ಡು ಕೂಗಬೇಕು. ಅವನ ತಲೆಯಲ್ಲಿ ಓಡುವುದು 'ಎಷ್ಟು ಚೆಂದ' ಎಂದಲ್ಲ, 'ಇದರಲ್ಲಿ ಏನು ಹಾಳಾಗಿದೆ, ಇವನು ಏನು ಮುಚ್ಚಿಡುತ್ತಿದ್ದಾನೆ' ಎಂದು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಣೆಯಾಗಿಟ್ಟು ಇದನ್ನೇ ಬರೆದರು, 2001ರಲ್ಲಿ ಅವರಿಗೆ ನೊಬೆಲ್ ಬಂತು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಕೆಟ್ಟದ್ದೇ ಇದ್ದೀತೆಂದು ಲೆಕ್ಕ ಹಾಕಿ ಬೆಲೆ ಇಳಿಸುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪದೆ ಮನೆಗೆ ಹೋಗುತ್ತಾನೆ. ಪೇಟೆಯಲ್ಲಿ ಉಳಿಯುವುದು ಡಕೋಟಾಗಳು. ಈ ಲೆಕ್ಕದ ಪ್ರಕಾರ ಇಬೇಯಲ್ಲಿ ಹಳೆಯ ಕಾರು ಮಾರಾಟವೇ ಆಗಬಾರದಿತ್ತು. ಆಯಿತು, ಭರ್ಜರಿಯಾಗಿಯೇ ಆಯಿತು. ಹೇಗೆ?

ಗ್ರೆಗರಿ ಲೂಯಿಸ್ 2011ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬ ಹಿಡಿಸಿದೆ. ಇಬೇಯ ವಾಹನ ವಿಭಾಗದ ಹರಾಜುಗಳನ್ನು ಅಳೆದು ತೂಗಿ ಅವರು ಹೇಳಿದ್ದಿಷ್ಟು: ಮಾರುವವನು ಫೋಟೋದಲ್ಲಿ ತೋರಿಸಿದ್ದು, ಅಕ್ಷರದಲ್ಲಿ ಬರೆದದ್ದು ಬರೀ ಜಾಹೀರಾತಲ್ಲ, ಅದು ಕರಾರು. ತೋರಿಸಿದ ಕಾರನ್ನೇ ಹರಾಜು ಮುಗಿದ ಬೆಲೆಗೆ ಕೊಡುತ್ತೇನೆ ಎಂಬ ಕರಾರು. ಪುಟದಲ್ಲಿ ಬಿಚ್ಚಿಟ್ಟ ವಿವರಕ್ಕೂ ಬೆಲೆಗೂ ನೇರ ನಂಟಿದೆ. ಈ ಅಂಕಣಕ್ಕೆ ಇನ್ನೂ ಹತ್ತಿರದ ಮಾತು ಮುಂದಿನದು. ವಿವರ ಬಿಚ್ಚಿಡುವುದಕ್ಕೂ ಒಂದು ಖರ್ಚಿದೆ: ಫೋಟೋ ತೆಗೆಯಬೇಕು, ಏರಿಸಬೇಕು, ಜೋಡಿಸಬೇಕು. ಕಾರು ಮಾರುವವರಿಗಾಗಿ ಇದ್ದ ಲಿಸ್ಟಿಂಗ್ ತಂತ್ರಾಂಶಗಳು ಆ ತ್ರಾಸವನ್ನು ತಗ್ಗಿಸಿದವು. ತ್ರಾಸ ತಗ್ಗಿದಾಗ ಬಿಚ್ಚಿಡುವುದೂ ಹೆಚ್ಚಿತು, ಅದು ಬೆಲೆಯಲ್ಲೂ ಕಂಡಿತು. ತಂತ್ರಾಂಶದ ನಿಜವಾದ ಉಪಯೋಗ ಅಲ್ಲಿತ್ತು. ನನ್ನ ನೇರಳೆ ಬಣ್ಣ, ಓಡುವ ಸಾಲು ಇವ್ಯಾವುದೂ ಕರಾರಿನ ಭಾಗವಲ್ಲ. ಯಾರೂ ಬೆಂಕಿಯ ಚಿತ್ರವನ್ನು ಪಾರ್ಸೆಲ್‌ನಲ್ಲಿ ನಿರೀಕ್ಷಿಸುವುದಿಲ್ಲ.

ಇದನ್ನು ಓದುವ ಮೊದಲೇ ನಮಗೆ ಪಾಠ ಕಲಿಸಿದವರು ಮಾವ. ಮೊದಲ ಹರಾಜು ಮಗುಚಿದ ಮೇಲೆ ಬೆಂಗಳೂರಿಗೆ ಬಂದರು, ಕ್ಯಾಮೆರಾ ಬ್ಯಾಗಿನಲ್ಲಿ. ನನ್ನ ಪುಟವನ್ನು ಪೂರ್ತಿ ಓದಿ, 'ಇದ್ರಲ್ಲಿ ಕ್ಯಾಮೆರಾದ ವಿಷಯ ಎಲ್ಲಿದೆ?' ಎಂದರು. ನಿಜವಾಗಿಯೂ ಇರಲಿಲ್ಲ. 'ಸೂಪರ್ ಕಂಡೀಷನ್, ಸಿಂಗಲ್ ಹ್ಯಾಂಡ್ ಯೂಸ್' ಎಂದು ಬರೆದಿದ್ದೆ. ಒಬ್ಬರೇ ಬಳಸಿದ್ದು ಎಂಬ ಅರ್ಥದಲ್ಲಿ ನಾವು ಬಳಸುವ ಈ ಮಾತನ್ನು ಹೊರದೇಶದವನು ಓದಿದರೆ ಒಂದು ಕೈಯಲ್ಲಿ ಹಿಡಿಯುವ ಕ್ಯಾಮೆರಾ ಎಂದುಕೊಂಡಾನು.

ಮಾವ ಮೇಜಿನ ಮೇಲೆ ಬಿಳಿಯ ಪಂಚೆ ಹಾಸಿದರು. ಅದನ್ನು ಹಿಂದಿನ ಗೋಡೆಗೂ ಏರಿಸಿ ಮೂಲೆಯ ಗೆರೆ ಕಾಣದಂತೆ ಇಳಿಬಿಟ್ಟರು. ಟ್ಯೂಬ್‌ಲೈಟ್ ಆರಿಸಿ ಕಿಟಕಿಯ ಬೆಳಕೊಂದನ್ನೇ ಇಟ್ಟುಕೊಂಡು, ಎದುರು ಬದಿಗೆ ಬಿಳಿಯ ಥರ್ಮೋಕೋಲ್ ನಿಲ್ಲಿಸಿದರು. ನೆರಳು ಮೆತ್ತಗಾಯಿತು. ಎದುರಿನಿಂದ, ಎರಡು ಬದಿ, ಹಿಂದೆ, ತಳ. ಮೇಲಿನ ಮುಚ್ಚಳ ಬಿಚ್ಚಿ ಗಾಜಿನ ಪರದೆ. ಹಿಂಬದಿ ತೆರೆದು ಫಿಲ್ಮ್ ಕೂರುವ ಜಾಗ. ಕಂಪನಿಯ ನಂಬರು. ಕಪ್ಪು ಬಣ್ಣ ಸವೆದು ಹಿತ್ತಾಳೆ ಇಣುಕುವ ಮೂಲೆ, ಪಕ್ಕದಲ್ಲಿ ಅಳತೆಗೊಂದು ರೂಪಾಯಿ ನಾಣ್ಯ. ಇಷ್ಟಾದ ಮೇಲೆ ಶಟರನ್ನು 'ಬಿ'ಗೆ ಇಟ್ಟು ತೆರೆದು ಹಿಡಿದು, ಹಿಂದಿನಿಂದ ಲೆನ್ಸಿನೊಳಕ್ಕೆ ಟಾರ್ಚ್ ಬಿಟ್ಟರು. ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಸಣ್ಣ ಎಳೆಗಳು ಹೊಳೆದವು. ಫಂಗಸ್. ಮಲೆನಾಡಿನ ನಾಲ್ಕು ತಿಂಗಳ ಮಳೆಗೆ ಉಪ್ಪಿನಕಾಯಿ ಭರಣಿಯಿಂದ ಹಿಡಿದು ಲೆನ್ಸಿನವರೆಗೆ ಬೂಷ್ಟು ಬಿಡದ ವಸ್ತು ಇಲ್ಲ. ಕ್ಯಾಮೆರಾದ ಬಗ್ಗೆ ಬಲ್ಲವನು ಮೊದಲು ಹುಡುಕುವುದು ಇದನ್ನೇ, ಹೆಚ್ಚಾದರೆ ಗಾಜಿನ ಲೇಪನವನ್ನೇ ಅದು ಕೊರೆದುಬಿಡುತ್ತದೆ.

'ಇದನ್ನ ತೆಗಿ' ಎಂದರು.

'ಇದು ಬೇಡ ಮಾವ, ಇದನ್ನ ನೋಡಿದ್ರೆ ಯಾರು ತಗೋತಾರೆ?'

'ನೋಡದೆ ತಗೊಂಡವ ವಾಪಸ್ ಕಳಿಸ್ತಾನೆ. ಪೋಸ್ಟಿನ ಖರ್ಚು ನೀ ಕೊಡ್ತೀಯನಾ?'

ತೆಗೆದೆ. ಹೊಸ ಪುಟಕ್ಕೆ ಬಿಳಿಯ ಹಿನ್ನೆಲೆ, ಕಪ್ಪು ಅಕ್ಷರ, ಅಷ್ಟೆ. ಮೊದಲ ಸಾಲಿನಲ್ಲೇ ವಸ್ತು ಯಾವುದು, ಕೆಲಸ ಮಾಡುತ್ತದೆಯೇ ಎಂಬುದು. ಆಮೇಲೆ ಬಿಡಿ ಬಿಡಿ ಸಾಲು. ಶಟರ್ ಎಲ್ಲ ವೇಗದಲ್ಲೂ ಓಡುತ್ತದೆ. ಮೀಟರಿನ ಮುಳ್ಳು ಬೆಳಕಿಗೆ ಆಡುತ್ತದೆ, ಆದರೆ ಅದು ಮೂಲದಲ್ಲಿ ಪಾದರಸದ ಸೆಲ್ಲಿಗೆ ಮಾಡಿದ್ದು, ಈಗಿನ 1.5 ವೋಲ್ಟಿನ ಸೆಲ್ ಹಾಕಿದರೆ ಓದು ತುಸು ತಪ್ಪುತ್ತದೆ. ಕೆಳಗಿನ ಲೆನ್ಸಿನ ಅಂಚಿನಲ್ಲಿ ಫಂಗಸ್, ಎಂಟನೆಯ ಚಿತ್ರ ನೋಡಿ. ಕಳೆದ ತಿಂಗಳು ಇದರಲ್ಲೇ ತೆಗೆದ ಚಿತ್ರ ಹನ್ನೊಂದನೆಯದು, ಅದರಲ್ಲಿ ದೋಷ ಕಾಣುವುದಿಲ್ಲ. ಇದಕ್ಕೆ ಫ್ರಂಟ್‌ಪೇಜೇ ಬೇಕಿರಲಿಲ್ಲ, ನೋಟ್‌ಪ್ಯಾಡ್ ಸಾಕಿತ್ತು. ಒಂಬತ್ತು ಬಿಡ್ ಬಂದವು. ಮೊದಲ ಸಲ ಕೂಗಿದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚಿಗೆ ಹೋಯಿತು. ಗೆದ್ದವರು ಪುಣೆಯ ಒಬ್ಬ ಹವ್ಯಾಸಿ. ಫಂಗಸ್ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ.

ಇಬೇಯಲ್ಲಿ ಮಾರಾಟವಾದ ಮೊಟ್ಟಮೊದಲ ವಸ್ತು ಎಂದು ಕಂಪನಿಯೇ ಹೇಳಿಕೊಳ್ಳುವುದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. 14.83 ಡಾಲರಿಗೆ ಹೋಯಿತು. ಕೆಟ್ಟಿದೆ ಎಂದು ಗೊತ್ತು ತಾನೆ ಎಂದು ಒಮಿಡ್ಯಾರ್ ಕೇಳಿದಾಗ, ಕೊಂಡವನು ತಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸುವವನು ಎಂದನಂತೆ. ಇಂಥ ಗಿರಾಕಿ ಎಲ್ಲರಿಗೂ ಸಿಗುವುದಿಲ್ಲ ನಿಜ.

ಶೀರ್ಷಿಕೆಯ ಮಾತಿಗೆ ಬರೋಣ. ಇದು ಪುಟದ ಅತಿ ಕಡಿಮೆ ಜಾಗ, ಅತಿ ಹೆಚ್ಚು ಕೆಲಸ ಮಾಡುವ ಜಾಗ. ಇಬೇಯಲ್ಲಿ ಮೊದಲು 55 ಅಕ್ಷರ ಇತ್ತು, 2011ರಿಂದ 80. ಶೀರ್ಷಿಕೆಯನ್ನು ಮನುಷ್ಯರಿಗಿಂತ ಮೊದಲು ಓದುವುದು ಹುಡುಕು ಯಂತ್ರ. 'ವಾವ್' ಎಂದು ಹುಡುಕುವ ಗಿರಾಕಿ ಈ ಭೂಮಿಯ ಮೇಲಿಲ್ಲ. ಯಾಶಿಕಾ ಮ್ಯಾಟ್-124ಜಿ, 6×6, ಟಿಎಲ್ಆರ್ ಕ್ಯಾಮೆರಾ, 80 ಎಂಎಂ, ಎಫ್ 3.5 ಲೆನ್ಸ್, ಮೀಟರ್ ವರ್ಕ್ಸ್, ಲೈಟ್ ಫಂಗಸ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಎಪ್ಪತ್ತು ಚಿಲ್ಲರೆ ಅಕ್ಷರ. ತಯಾರಕ, ಮಾದರಿ, ಅಳತೆ, ಸ್ಥಿತಿ, ಎಲ್ಲ ಬಂತು. ಕಾಗುಣಿತ ತಪ್ಪಬಾರದು. ತಪ್ಪು ಕಾಗುಣಿತದ ಲಿಸ್ಟಿಂಗ್‌ಗಳನ್ನೇ ಹುಡುಕಿ ಕೊಡುವ ತಾಣಗಳಿವೆ, ಯಾರ ಕಣ್ಣಿಗೂ ಬೀಳದ ಅಂಥವನ್ನು ಅಗ್ಗಕ್ಕೆ ಎತ್ತುವವರಿಗೆ ಅದೇ ದಂಧೆ.

ಹಳೆಯ ಫಿಲ್ಮ್ ಕ್ಯಾಮೆರಾ ಹುಡುಕಿದರೆ ಜಪಾನಿನ ವ್ಯಾಪಾರಿಗಳ ಲಿಸ್ಟಿಂಗ್ ಸಾಲುಗಟ್ಟಿ ಬರುತ್ತವೆ. ಅವರದೊಂದು ಗುರುತಿನ ಭಾಷೆ ಇದೆ. 'ಎಕ್ಸಲೆಂಟ್' ಎಂಬುದರ ಮುಂದೆ ಐದು ಪ್ಲಸ್ ಗುರುತು, ಅದಕ್ಕಿಂತ ಮೇಲೆ 'ನಿಯರ್ ಮಿಂಟ್'. ಹೊಸಬರು ಐದು ಪ್ಲಸ್ ನೋಡಿ ಹೊಚ್ಚ ಹೊಸದೆಂದುಕೊಳ್ಳುತ್ತಾರೆ. ಪಳಗಿದವರಿಗೆ ಅದರರ್ಥ 'ಬಳಸಿದ್ದು, ಚೆನ್ನಾಗಿದೆ' ಎಂದಷ್ಟೆ. ಹೊಗಳಿಕೆಯ ಹಣದುಬ್ಬರ. ಆದರೆ ಅದೇ ಪುಟದ ಕೆಳಗೆ ಹೋದರೆ ಹೊರಮೈ, ಲೆನ್ಸ್, ಕೆಲಸ ಎಂದು ಮೂರು ತಲೆಬರಹ. ಹೊರಮೈಯಲ್ಲಿ ಸಣ್ಣ ಗೀರು, ಲೆನ್ಸಿನಲ್ಲಿ ಫಂಗಸ್ ಇಲ್ಲ, ಮಸುಕು ಇಲ್ಲ, ತುಸು ಧೂಳಿದೆ ಎಂದು ಒಂದೊಂದಾಗಿ ಬರೆದಿರುತ್ತಾರೆ. ಇಂಗ್ಲಿಷ್ ತಡವರಿಸುತ್ತದೆ, ಮಾಹಿತಿ ತಡವರಿಸುವುದಿಲ್ಲ. ಶೀರ್ಷಿಕೆಯ ಐದು ಪ್ಲಸ್ಸನ್ನು ನಾವು ಅವರಿಂದ ಕಲಿಯಬೇಕಿಲ್ಲ. ಆ ಮೂರು ತಲೆಬರಹ ಕಲಿತರೆ ಸಾಕು.

ಚಿತ್ರಗಳ ವಿಷಯದಲ್ಲಿ ಈಗ ತಾಣವೇ ಕಟ್ಟುನಿಟ್ಟು ಮಾಡಿದೆ. ಉದ್ದದ ಬದಿ ಕನಿಷ್ಠ 500 ಪಿಕ್ಸೆಲ್ ಇರಬೇಕು, ಹಿಗ್ಗಿಸಿ ನೋಡುವಂತಿರಲು 1600 ಇದ್ದರೆ ಒಳ್ಳೆಯದು. ಚಿತ್ರದ ಮೇಲೆ ಅಂಚು ಹಾಕುವಂತಿಲ್ಲ, 'ಉಚಿತ ಸಾಗಣೆ' ಎಂದು ಬರೆಯುವಂತಿಲ್ಲ. ನನ್ನ ಚಿನ್ನದ ಬಣ್ಣದ ಅಂಚು ಇವತ್ತಾದರೆ ನಿಯಮಭಂಗ. ಫ್ರಂಟ್‌ಪೇಜ್ ಕಾಲದಲ್ಲಿ ಇದಕ್ಕಿಂತ ಬೇರೆಯದೇ ಒಂದು ತಪ್ಪು ಎಲ್ಲರೂ ಮಾಡುತ್ತಿದ್ದೆವು. ಒಂದು ಎಂಬಿ ತೂಕದ ಚಿತ್ರವನ್ನು ಪುಟಕ್ಕೆ ಹಾಕಿ ಮೂಲೆ ಹಿಡಿದು ಎಳೆದು ಚಿಕ್ಕದು ಮಾಡುವುದು. ಕಣ್ಣಿಗೆ ಚಿಕ್ಕದಾಗುತ್ತಿತ್ತು, ತೂಕ ಅಷ್ಟೇ ಉಳಿಯುತ್ತಿತ್ತು. ಡಯಲ್-ಅಪ್ ಮೋಡೆಮ್ ಇದ್ದವರ ಪರದೆಯ ಮೇಲೆ ಕ್ಯಾಮೆರಾ ತಲೆಯಿಂದ ಕಾಲಿನವರೆಗೆ ಪಟ್ಟಿ ಪಟ್ಟಿಯಾಗಿ ಇಳಿಯುವಷ್ಟರಲ್ಲಿ ಗಿರಾಕಿ ಎದ್ದು ಚಹಾ ಕುಡಿಯಲು ಹೋಗಿರುತ್ತಿದ್ದ.

ವೆಬ್ ಪುಟದ ತಂತ್ರಾಂಶ ಹಿಡಿದು ಲಿಸ್ಟಿಂಗ್ ಕಟ್ಟುವ ಕುಶಲಕಲೆಗೆ ದೊಡ್ಡ ಪೆಟ್ಟು ಬಿದ್ದದ್ದು 2017ರಲ್ಲಿ. ಆ ವರ್ಷದ ಮಧ್ಯದಲ್ಲಿ ಇಬೇ, ವಿವರಣೆಯೊಳಗೆ ಜಾವಾಸ್ಕ್ರಿಪ್ಟ್, ಫ್ಲ್ಯಾಶ್ ಮುಂತಾದ ಚಾಲೂ ಕೋಡನ್ನು ನಿಲ್ಲಿಸಿತು. ಕೇಡಿಗರು ಅದರ ಮರೆಯಲ್ಲಿ ಮೋಸದ ಕೋಡ್ ನುಗ್ಗಿಸಬಲ್ಲರು ಎಂಬುದೊಂದು ಕಾರಣ, ಮೊಬೈಲಿನಲ್ಲಿ ಪುಟ ನಿಧಾನವಾಗುತ್ತದೆ ಎಂಬುದು ಇನ್ನೊಂದು. ತಿರುಗುವ ಚಿತ್ರಮಾಲೆ, ಒತ್ತಿದರೆ ತೆರೆಯುವ ಮೆನು ಎಲ್ಲ ಒಂದೇ ಏಟಿಗೆ ಸತ್ತವು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಫೋಟೋಬಕೆಟ್ ತಾಣ ಹೊಸ ಕರಾರು ತಂದಿತು: ಇಲ್ಲಿಟ್ಟ ಚಿತ್ರ ಬೇರೆ ತಾಣಗಳಲ್ಲಿ ಕಾಣಬೇಕಾದರೆ ವರ್ಷಕ್ಕೆ 399.99 ಡಾಲರ್. ಎಷ್ಟೋ ವರ್ಷದಿಂದ ಪುಕ್ಕಟೆ ಅಲ್ಲಿ ಚಿತ್ರ ಇಟ್ಟು ಇಬೇ, ಅಮೆಜಾನ್‌ಗಳಲ್ಲಿ ತೋರಿಸುತ್ತಿದ್ದವರ ಪುಟಗಳಲ್ಲಿ ವಸ್ತುವಿನ ಜಾಗಕ್ಕೆ 'ಖಾತೆ ನವೀಕರಿಸಿ' ಎಂಬ ಫಲಕ ಬಂದು ಕೂತಿತು. ನನ್ನ ಕೆಂಪು ಇಂಟು ಮಾರ್ಕಿನ ದೊಡ್ಡಣ್ಣ. ಚಿತ್ರಗಳನ್ನು ಹರಾಜು ತಾಣದ ಚೌಕಗಳಿಗೇ ನೇರ ಏರಿಸುವುದು ಕ್ಷೇಮ, ವಿವರಣೆಯ ಕೋಡಿನೊಳಗೆ ಎರವಲು ವಿಳಾಸ ಬೇಡ.

ಹಾಗಾದರೆ ಪುಟ ಕಟ್ಟುವ ತಂತ್ರಾಂಶಕ್ಕೆ ಈಗ ಕೆಲಸವೇ ಇಲ್ಲವೆ? ಸ್ವಲ್ಪ ಇದೆ. ದಿನಕ್ಕೆ ಮೂವತ್ತು ಲಿಸ್ಟಿಂಗ್ ಹಾಕುವವರಿಗೆ ಒಂದು ಅಚ್ಚು ಬೇಕು. ತಲೆಬರಹ, ಸ್ಥಿತಿ, ದೋಷ, ಅಳತೆ, ಸಾಗಣೆ ಎಂಬ ಖಾನೆಗಳನ್ನು ಒಮ್ಮೆ ಕಟ್ಟಿಟ್ಟರೆ ಪ್ರತಿ ಸಲ ಏನನ್ನೂ ಮರೆಯುವುದಿಲ್ಲ. ನನ್ನ ಮಟ್ಟಿಗೆ ಟೆಂಪ್ಲೇಟಿನ ಬೆಲೆ ಅದರ ಅಂದದಲ್ಲಿಲ್ಲ, 'ದೋಷ' ಎಂಬ ಖಾನೆ ಖಾಲಿ ಬಿಟ್ಟರೆ ಅದು ಕಣ್ಣಿಗೆ ಚುಚ್ಚುವುದರಲ್ಲಿದೆ. ಕಟ್ಟುವಾಗ ಅಗಲವನ್ನು 800 ಪಿಕ್ಸೆಲ್ ಎಂದು ಕೀಲು ಹೊಡೆದ ಹಾಗೆ ನಿಗದಿ ಮಾಡಬೇಡಿ. ಫೋನಿನಲ್ಲಿ ಓದುವವನು ಪ್ರತಿ ಸಾಲಿಗೂ ಅಡ್ಡಡ್ಡ ಉಜ್ಜಬೇಕಾಗುತ್ತದೆ. ಅಗಲ ಶೇಕಡಾವಾರು ಇರಲಿ. ತಂತ್ರಾಂಶ ಕೊಡುವ ಕೋಡಿನಲ್ಲಿ ತಲೆ, ಬಾಲ ಬಿಟ್ಟು 'ಬಾಡಿ'ಯ ನಡುವಿನ ಭಾಗ ಮಾತ್ರ ಅಂಟಿಸಿ. ಅಂಟಿಸಿದ ಮೇಲೆ ನಿಮ್ಮ ಕಂಪ್ಯೂಟರಿನಲ್ಲಲ್ಲ, ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಅಲ್ಲಿ ಮೊದಲು ಕಾಣುವುದು ಚಿತ್ರ, ಶೀರ್ಷಿಕೆ, ಬೆಲೆ. ನೀವು ರಾತ್ರಿಯಿಡೀ ಕೂತು ಕಟ್ಟಿದ ವಿವರಣೆಗೆ ಬೆರಳು ಇನ್ನೊಂದು ಸಲ ಒತ್ತಬೇಕು.

ಉಳಿದ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ಗಿರಾಕಿಗೆ ಮಾರುವುದಾದರೆ ಹರಾಜು ಅವರ ಭಾನುವಾರ ಸಂಜೆ ಮುಗಿಯುವಂತೆ ಇಡುವುದು ವಾಡಿಕೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಸಂಜೆ ಏಳು ಎಂದರೆ ನಮಗೆ ಸೋಮವಾರ ಬೆಳಿಗ್ಗೆ ಏಳೂವರೆ. ಇಲ್ಲಿ 'ಒಂದು ಸಲ, ಎರಡು ಸಲ' ಎಂದು ಕೂಗುವವರಿಲ್ಲ, ಗಡಿಯಾರ ನಿಂತ ಕ್ಷಣಕ್ಕೆ ಸವಾಲು ಮುಗಿಯಿತು, ಹಾಗಾಗಿ ಕೊನೆಯ ಸೆಕೆಂಡಿನವರೆಗೆ ಕಾದು ಬಿಡ್ ಬಿಸಾಡುವವರು ಬಹಳ. ಹಳೆಯ ಗಿರಾಕಿಗಳು ಬರೆದ ಅಭಿಪ್ರಾಯಕ್ಕೂ ಬೆಲೆ ಇದೆ. ಪಾಲ್ ರೆಸ್ನಿಕ್ ಮತ್ತು ಸಂಗಡಿಗರು ಒಂದೇ ಬಗೆಯ ಹಳೆಯ ಅಂಚೆ ಕಾರ್ಡುಗಳನ್ನು ಹೆಸರು ಮಾಡಿದ ಖಾತೆಯಿಂದಲೂ ಹೊಸ ಖಾತೆಗಳಿಂದಲೂ ಮಾರಿ ನೋಡಿದರು. 2006ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಹಳೆಯ ಖಾತೆಗೆ ಶೇ. 8.1ರಷ್ಟು ಹೆಚ್ಚು ಸಿಕ್ಕಿತು. ಕರಾರು ಮುರಿಯದವನೆಂಬ ಹೆಸರಿಗೆ ಸಿಕ್ಕ ಬಡ್ಡಿ ಅದು.

ಒಂದು ಎಚ್ಚರಿಕೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು. ನಮ್ಮ ಕ್ಯಾಮೆರಾ ಹೋದ ಸುದ್ದಿ ಹಬ್ಬಿ, ಮಾವನ ನೆರೆಯವರೊಬ್ಬರು ಹಳೆಯ ಕಂಚಿನ ದೀಪ ಹಿಡಿದು ಬಂದರು. 'ಇನ್ನೂರು ವರ್ಷದ್ದು ಅಂತ ಬರೀರಿ, ಫಾರಿನ್‌ನವರು ಮುಗಿಬಿದ್ದು ತಗೊಳ್ತಾರೆ.' ಎಷ್ಟು ಹಳೆಯದು ಎಂದರೆ ಅವರಿಗೂ ಗೊತ್ತಿಲ್ಲ, ಅಜ್ಜಿಯ ಕಾಲದ್ದಂತೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಬೆಲೆಬಾಳುವ ಹಸ್ತಪ್ರತಿಗಳಿಗಾದರೆ ಎಪ್ಪತ್ತೈದೇ ವರ್ಷ. ದೀಪ ನಿಜವಾಗಿ ಇನ್ನೂರು ವರ್ಷದ್ದಾದರೆ ಕಳಿಸುವುದು ಅಪರಾಧ, ಅಲ್ಲದಿದ್ದರೆ ಹಾಗೆ ಬರೆಯುವುದು ವಂಚನೆ. ಎರಡರಲ್ಲಿ ಯಾವುದು ಬೇಕು ಎಂದು ಮಾವ ಕೇಳಿದರು. ನೆರೆಯವರು ದೀಪವನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡರು. ಚಹಾ ಕುಡಿದು ಹೋದರು.

ಕೊನೆಗೆ ಉಳಿದದ್ದು ಎನ್‌ಲಾರ್ಜರ್. ಅದಕ್ಕೆ ಮಾಡಿದ ಪುಟ ನಾವಿಬ್ಬರೂ ಮಾಡಿದ್ದರಲ್ಲಿ ಅತ್ಯುತ್ತಮ. ಹನ್ನೆರಡು ಚಿತ್ರ, ಬಲ್ಬಿನ ಹೋಲ್ಡರಿನ ಬಿರುಕು ಎರಡು ಕೋನದಿಂದ, ಬುಡದ ಹಲಗೆಯ ಅಳತೆ ಇಂಚಿನಲ್ಲೂ ಸೆಂಟಿಮೀಟರಿನಲ್ಲೂ, ಬಿಚ್ಚಿದರೆ ಎಷ್ಟು ದೊಡ್ಡ ಪೆಟ್ಟಿಗೆಗೆ ಇಳಿಯುತ್ತದೆ ಎಂಬ ಲೆಕ್ಕ ಕೂಡ. ಕಾಗುಣಿತದ ಒಂದು ತಪ್ಪಿಲ್ಲ. ಮೂರು ಸಲ ಹಾಕಿದೆವು, ಮೂರು ಸಲವೂ ಒಂದೂ ಬಿಡ್ ಬರಲಿಲ್ಲ. ಡಾರ್ಕ್‌ರೂಮಿನ ಕಪ್ಪು ಪರದೆಯನ್ನು ಹೊಲಿದು ಅತ್ತೆ ಅದಕ್ಕೊಂದು ಗವಸು ಮಾಡಿಕೊಟ್ಟಿದ್ದಾರೆ. ಸಾಗರದ ಮನೆಯ ಅಟ್ಟದ ಎಡಮೂಲೆಯಲ್ಲಿದೆ.